ನೀರು ತಿಳಿಯಾಗಿದೆ, ಮೀನಿಗೇಕೆ ಹುಣ್ಣು?

ಪ್ರಶ್ನೆ: ಸರ್, ನಮ್ಮೂರು ಗಂಗಾವತಿ ತಾಲೂಕಿನ್ಯಾಗ ತುಂಗಭದ್ರಾ ದಂಡಿಗೆ ಐತಿ. ಅಪ್ಪನ ಕಾಲದಿಂದ್ಲೂ ಹರಗೋಲು, ಬಲಿನಾ ನಮ್ಮ ಕಸುಬು. ಈಗ ನಾಕೈದು ವರ್ಷದಿಂದ ಊರ ಕೆಳಗಿನ ಮಡುವಿನ್ಯಾಗ ಸಿಗೋ ಮೃಗಾಲ್, ಗೆಂಡಿ ಮೈಮ್ಯಾಲೆ ಕೆಂಪು ಹುಣ್ಣು ಇರ್ತಾವ, ಕಿವಿರು ಕಂದಿರ್ತೈತಿ, ಹೊಟ್ಟಿ ಸೀಳಿದ್ರ ಕರೀ ರಾಡಿ. ಕಾಟ್ಲಾಕ್ಕ ಏನೂ ಇರಂಗಿಲ್ಲ. ಬ್ಯಾಸಿಗ್ಯಾಗ ಬೆಳಗಿನ ಜಾವ ಮೀನು ಮ್ಯಾಲೆ ಬಂದು ಬಾಯಿ ಬಾಯಿ ಬಿಡ್ತಾವ. ನೀರು ನೋಡಿದ್ರ ತಿಳಿ ಐತಿ, ಟೆಸ್ಟ್ ಮಾಡಿದೋರೂ ಚೊಲೋ ಐತಿ ಅಂದ್ರು. ದೇವಸೂಗೂರು ಕಡೆ ಕೃಷ್ಣಾ ಹೊಳಿ ಮ್ಯಾಲಿರೋ ನಮ್ಮ ಬೀಗರೂ ಇಂಥಾದ್ದ ಹೇಳ್ತಾರ. ಇದು ತಳದ ರಾಡಿಯಿಂದ ಬಂದದ್ದೇನು? ಈ ಮೀನು ತಿನ್ನಬಹುದಾ? ಹೂಳು ತೆಗೆಸಿದ್ರ ಸರಿ ಹೋಗ್ತೈತಾ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ಎರಡು ಮೂರು ಸಲ ಓದಿದೆ: ‘ಕಾಟ್ಲಾಕ್ಕ ಏನೂ ಇರಂಗಿಲ್ಲ.’ ಅರ್ಧ ಉತ್ತರ ನೀವೇ ಬರೆದುಬಿಟ್ಟಿದ್ದೀರಿ. ಕಾಟ್ಲಾದ ಬಾಯಿ ಮೇಲ್ಮುಖವಾಗಿರುತ್ತದೆ. ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು ಅದು. ರೋಹು ನಡುನೀರಿನದು. ಮೃಗಾಲ್ ಮತ್ತು ಗೆಂಡೆ ತಳದವು. ಕೆಸರನ್ನು ಬಾಯಲ್ಲಿ ತುಂಬಿಕೊಂಡು, ಬೇಕಾದ್ದನ್ನು ನುಂಗಿ, ಬೇಡದ್ದನ್ನು ಉಗುಳುತ್ತವೆ. ಗೆಂಡೆಯಂತೂ ಮೂತಿಯಿಂದ ತಳವನ್ನು ಹಂದಿಯ ಹಾಗೆ ಅಗೆಯುತ್ತದೆ. ಮಡುವಿನ ನೀರೇ ಕೆಟ್ಟಿದ್ದರೆ ನೀವು ಬರೆದ ಮೂರೂ ಮೀನಿಗೆ ತೊಂದರೆ ಆಗಬೇಕಿತ್ತು. ತಳದಲ್ಲಿ ಮೇಯುವ ಮೀನಿಗಷ್ಟೇ ಕಾಣುತ್ತಿದೆ ಅಂದರೆ ಮೊದಲ ಅನುಮಾನ ಕೆಸರಿನ ಮೇಲೆಯೇ. ಅನುಮಾನ ಅಂದೆ, ತೀರ್ಮಾನ ಅಲ್ಲ. ಹುಣ್ಣಿಗೆ ಬೇರೆ ಕಾರಣವೂ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ನೀರು ತಿಳಿ ಐತಿ’ ಎಂಬ ಮಾತು. ನಿಮ್ಮೂರಿನ ಮೇಲ್ಗಡೆ ಮುನಿರಾಬಾದಿನ ಅಣೆಕಟ್ಟು ಇದೆ. ಮಲೆನಾಡಿನಿಂದ, ದಾವಣಗೆರೆ ಬಯಲಿನಿಂದ ಬರುವ ಮಣ್ಣು ಅಲ್ಲಿ ನಿಂತ ನೀರಿನಲ್ಲಿ ತಳಕ್ಕಿಳಿಯುತ್ತದೆ. 1953ರಲ್ಲಿ ಜಲಾಶಯ ತುಂಬಲು ಶುರುವಾದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು; ಈಗಿನ ಲೆಕ್ಕ 105.788 ಟಿಎಂಸಿ. ಉಳಿದ ಜಾಗವನ್ನು ಹೂಳು ಆಕ್ರಮಿಸಿದೆ. ಹಾಗಾಗಿ ಅಣೆಕಟ್ಟಿನ ಕೆಳಗೆ ಬರುವುದು ಮಣ್ಣು ಕಳೆದುಕೊಂಡ ನೀರು, ನೋಡಲು ಸ್ವಚ್ಛ. ನಿಮ್ಮ ಮಡುವಿನಲ್ಲಿ ಕೂತಿರುವ ಕರಿ ರಾಡಿ ಬಹುಪಾಲು ದೂರದಿಂದ ಬಂದದ್ದಲ್ಲ. ಊರುಗಳ ಚರಂಡಿ, ಭತ್ತದ ಗದ್ದೆಗಳ ಬಸಿಗಾಲುವೆ, ದಂಡೆಯ ಕಾರ್ಖಾನೆ ಹಳ್ಳ, ಇವು ತಂದದ್ದು. ಹರಿವು ಜೋರಿದ್ದಲ್ಲಿ ಮರಳು, ಕಲ್ಲು ಉಳಿಯುತ್ತದೆ. ಹರಿವು ಸತ್ತ ಮಡುವಿನಲ್ಲಿ ನುಣ್ಣನೆಯದು ಕೂರುತ್ತದೆ. ವಿಷವಸ್ತುಗಳು ಅಂಟಿಕೊಳ್ಳುವುದು ಈ ನುಣ್ಣನೆಯ ಮಣ್ಣಿಗೇ. ಒಂದು ಹಿಡಿ ಮರಳಿಗಿಂತ ಒಂದು ಹಿಡಿ ಎರೆಮಣ್ಣಿನ ಕಣಗಳ ಮೇಲ್ಮೈ ಎಷ್ಟೋ ಪಟ್ಟು ಹೆಚ್ಚು. ಸೀಸ, ಕ್ಯಾಡ್ಮಿಯಂ, ತಾಮ್ರ, ಸತುವು, ಕೀಟನಾಶಕ, ಎಣ್ಣೆಯ ಅಂಶ ಎಲ್ಲವೂ ನೀರು ಬಿಟ್ಟು ಆ ಮೇಲ್ಮೈ ಹಿಡಿಯುತ್ತವೆ.

ಇದರಿಂದಲೇ ನೀರಿನ ಪರೀಕ್ಷೆ ಪಾಸಾಗುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ‘ಡಿ’ ವರ್ಗದ ನೀರು ಸಾಕು: ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಇಷ್ಟೇ. ಕೆಸರಿನ ಬಗ್ಗೆ ಅದರಲ್ಲಿ ಒಂದು ಅಕ್ಷರವಿಲ್ಲ. ಹಗಲು ಹನ್ನೊಂದು ಗಂಟೆಗೆ ದಂಡೆಯಲ್ಲಿ ನಿಂತು ಬಾಟಲಿ ತುಂಬಿಸಿಕೊಂಡು ಹೋದರೆ ಮೂರೂ ಲೆಕ್ಕ ಸರಿಬರುತ್ತವೆ. ಟೆಸ್ಟ್ ಮಾಡಿದವರು ಸುಳ್ಳು ಹೇಳಿಲ್ಲ. ಮೃಗಾಲ್ ಬದುಕುವ ಜಾಗವನ್ನು ಅವರು ನೋಡಿಲ್ಲ, ಅಷ್ಟೆ.

ಈಗ ಕೆಸರಿನೊಳಗೆ ಇಳಿಯೋಣ. ಮೇಲಿನ ತೆಳು ಪದರ ಕಂದು ಬಣ್ಣದ್ದು, ಅಲ್ಲಿ ಆಮ್ಲಜನಕ ಇರುತ್ತದೆ. ಅದರ ಕೆಳಗೆ ಕಪ್ಪು. ಆ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು. ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿ ಮಾಡುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದ. ಇದರಲ್ಲಿ ಒಂದು ವಿಚಿತ್ರವಿದೆ. ಕಪ್ಪು ಕೆಸರು ಅಲುಗಾಡದೆ ಬಿದ್ದಿದ್ದರೆ ಕ್ಯಾಡ್ಮಿಯಂ, ಸೀಸ, ಸತುವು ಸಲ್ಫೈಡಿನ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತವೆ, ಮೀನಿಗೆ ಅಷ್ಟಾಗಿ ಸಿಗುವುದಿಲ್ಲ. ಕದಡಿ ಗಾಳಿ ತಾಗಿತೋ, ಸಲ್ಫೈಡ್ ಒಡೆದು ಲೋಹ ಬಿಡುಗಡೆ. ಆರ್ಸೆನಿಕ್ ಮತ್ತು ರಂಜಕದ್ದು ತದ್ವಿರುದ್ಧ ಸ್ವಭಾವ. ಅವು ಗಾಳಿಯಿರುವಾಗ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿದ್ದು, ತಳದಲ್ಲಿ ಆಮ್ಲಜನಕ ಮುಗಿದಾಗ ನೀರಿಗೆ ಇಳಿಯುತ್ತವೆ. ಜಲಾಶಯದ ನೀರು ಕೆಲವು ವರ್ಷ ಹಸಿರು ಬಣ್ಣ ತಿರುಗಿದ್ದನ್ನು ನೀವೂ ನೋಡಿರುತ್ತೀರಿ. ಹೊರಗಿನಿಂದ ಬಂದ ಗೊಬ್ಬರದ ಜೊತೆಗೆ ತಳದಿಂದ ಹೀಗೆ ಏಳುವ ರಂಜಕವೂ ಆ ಪಾಚಿಗೆ ಊಟ.

ಮೀನಿಗೆ ಮೊದಲ ಏಟು ಕಿವಿರಿಗೆ. ಮೃಗಾಲ್ ಒಂದು ಬಾಯಿ ಕೆಸರು ತೆಗೆದುಕೊಂಡಾಗಲೆಲ್ಲ ಅದರ ನುಣುಪು ಭಾಗ ಕಿವಿರಿನ ಮೂಲಕವೇ ಹೊರಹೋಗುತ್ತದೆ. ಕಿವಿರಿನ ಪೊರೆ ಎಷ್ಟು ತೆಳುವೆಂದರೆ ರಕ್ತಕ್ಕೂ ಹೊರಗಿನ ನೀರಿಗೂ ನಡುವೆ ಒಂದೆರಡು ಜೀವಕೋಶದ ದಪ್ಪ ಮಾತ್ರ. ಉರಿ ತಾಗಿದರೆ ಅದು ಎರಡು ಕೆಲಸ ಮಾಡುತ್ತದೆ: ಲೋಳೆ ಸುರಿಸುತ್ತದೆ, ಮತ್ತು ಪೊರೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಪಕ್ಕಪಕ್ಕದ ಎಸಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಷ ಒಳಗೆ ಬರದಂತೆ ಬಾಗಿಲು ಹಾಕಿಕೊಂಡ ಹಾಗೆ. ಆದರೆ ಆಮ್ಲಜನಕ ಬರುವುದೂ ಅದೇ ಬಾಗಿಲಿನಿಂದ. ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದೂ ಮೀನಿಗೆ ಏದುಸಿರು. ತಾಮ್ರ ಇನ್ನೂ ಒಂದು ಕೆಲಸ ಕೆಡಿಸುತ್ತದೆ. ಸಿಹಿನೀರಿನ ಮೀನು ತನ್ನ ರಕ್ತದ ಉಪ್ಪನ್ನು ಕಿವಿರಿನಿಂದಲೇ ಹೀರಿ ಉಳಿಸಿಕೊಳ್ಳಬೇಕು, ತಾಮ್ರ ಆ ಸೋಡಿಯಂ ದಾರಿಯನ್ನು ತಡೆಯುತ್ತದೆ. ಕ್ಯಾಡ್ಮಿಯಂ ಮತ್ತು ಸತುವು ಕ್ಯಾಲ್ಸಿಯಂ ದಾರಿಯನ್ನು. ಆರೋಗ್ಯದ ಕಿವಿರು ದಾಸವಾಳದ ಕೆಂಪು. ಕಂದಿ, ಲೋಳೆ ಮೆತ್ತಿಕೊಂಡು, ತುದಿಗಳು ಸವೆದಿದ್ದರೆ ನೀವು ಬರೆದ ಲಕ್ಷಣ ಅದೇ.

ಸಂಡೂರು ಕಡೆಯ ಕೆಂಪು ಅದಿರಿನ ಮಣ್ಣಿನ ಬಗ್ಗೆಯೂ ಜನ ಕೇಳುತ್ತಾರೆ. ಅದರ ಕಬ್ಬಿಣ ಅಂಥ ದೊಡ್ಡ ವಿಷವಲ್ಲ. ಅದು ಕೊಲ್ಲುವುದು ಧೂಳಾಗಿ: ಕಿವಿರಿಗೆ ಮೆತ್ತುತ್ತದೆ, ಬೆಳಕು ತಡೆದು ಪಾಚಿ ಬೆಳೆಯದಂತೆ ಮಾಡುತ್ತದೆ, ತತ್ತಿಗಳ ಮೇಲೆ ಹೊದಿಕೆ ಹಾಕುತ್ತದೆ.

ಎರಡನೇ ಏಟು ಹೊಟ್ಟೆಗೆ, ಮತ್ತು ಇದು ಕಣ್ಣಿಗೆ ಕಾಣುವುದಿಲ್ಲ. ಗಂಗಾವತಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ಎಲ್ಲ ಸೋನಾ ಮಸೂರಿಯ ನಾಡು. ಭತ್ತಕ್ಕೆ ಹೊಡೆಯುವ ಔಷಧಿಗಳಲ್ಲಿ ಸೈಪರ್ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಎಂಬ ಪೈರೆಥ್ರಾಯ್ಡ್ ಗುಂಪು ಇದೆ. ಮನುಷ್ಯನ ದೇಹ ಇವನ್ನು ಬೇಗ ಒಡೆದು ಹೊರಹಾಕುತ್ತದೆ. ಮೀನಿಗೆ ಆ ಶಕ್ತಿ ತೀರ ಕಡಿಮೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು ಸಾಯಲು. ಆದರೆ ಬಸಿನೀರಿನಲ್ಲಿ ಇವು ಹೆಚ್ಚು ಹೊತ್ತು ಕರಗಿ ಉಳಿಯುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿ ತಳ ಸೇರುತ್ತವೆ. ಅಲ್ಲಿ ಮೊದಲು ಸಾಯುವುದು ಮೀನಲ್ಲ, ಮೀನಿನ ಊಟ: ನೀರಹುಳುಗಳು, ಸಣ್ಣ ಸೀಗಡಿ, ಕೀಟಗಳ ಮರಿಗಳು. ಯಾರಿಗೂ ಸತ್ತ ಮೀನು ಕಾಣುವುದಿಲ್ಲ, ಪೇಪರಿನಲ್ಲಿ ಸುದ್ದಿಯೂ ಬರುವುದಿಲ್ಲ. ಮೀನು ಬಡಕಲಾಗುತ್ತದೆ, ಅಷ್ಟೆ. ತಲೆ ದೊಡ್ಡದು, ಮೈ ಸಣ್ಣದು ಎಂದು ಮಾರುಕಟ್ಟೆಯಲ್ಲಿ ಬೆಲೆ ಇಳಿಸುತ್ತಾರಲ್ಲ, ಆ ಮೀನು.

ಊಟದ ಜೊತೆ ಒಳಗೆ ಹೋದ ಲೋಹಗಳಿಗೆ ಒಂದೊಂದಕ್ಕೆ ಒಂದೊಂದು ಮನೆ. ಕ್ಯಾಡ್ಮಿಯಂ ಲಿವರ್ ಮತ್ತು ಕಿಡ್ನಿಯಲ್ಲಿ. ಸೀಸ ಮೂಳೆ, ಹುರುಪೆ, ಕಿವಿರಿನಲ್ಲಿ. ಪಾದರಸ ಮಾತ್ರ ಬೇರೆ ಜಾತಿ: ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ, ಅದು ಮಾಂಸಖಂಡದಲ್ಲೇ ಕೂರುತ್ತದೆ ಮತ್ತು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೋದಂತೆ ಹೆಚ್ಚುತ್ತ ಹೋಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿದರು. ಆ ನೀರುನಾಯಿ ಈ ಸಾಲಿನ ಕೊನೆಯಲ್ಲಿ ಕೂತಿದೆ. ದಿನವೂ ಮೀನೇ ತಿನ್ನುತ್ತದೆ, ಲಿವರ್, ಕರುಳು ಯಾವುದನ್ನೂ ತೆಗೆದಿಟ್ಟು ತಿನ್ನುವುದಿಲ್ಲ.

ಮೂರನೆಯದು ಸಂತಾನ. ಗೆಂಡೆಯ ತತ್ತಿ ಅಂಟು ತತ್ತಿ, ನೀರಗಿಡಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ನುಣ್ಣನೆ ಹೂಳು ಕೂತರೆ ಉಸಿರುಕಟ್ಟಿ ಬೂಸಲು ಹಿಡಿಯುತ್ತದೆ. ಇದಕ್ಕಿಂತ ಮೋಸದ ದಾರಿಯೂ ಇದೆ. ನಿಮ್ಮ ಬೀಗರ ಊರು ದೇವಸೂಗೂರು ಕಡೆ, ಅಂದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಪಕ್ಕ, ಎಂದು ಓದಿದಾಗ ನನಗೆ ನೆನಪಾದದ್ದು ಅಮೆರಿಕದ ನಾರ್ತ್ ಕೆರೋಲಿನಾದ ಬೆಲ್ಯೂಸ್ ಕೆರೆ. 1970ರ ದಶಕದಲ್ಲಿ ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿಹೊಂಡದ ನೀರು ಕೆರೆಗೆ ಸೇರುತ್ತಿತ್ತು. ಅದರಲ್ಲಿದ್ದ ಸೆಲೆನಿಯಂ ಕೆಸರಿಗೆ, ಕೆಸರಿನಿಂದ ಹುಳುಗಳಿಗೆ, ಅಲ್ಲಿಂದ ಮೀನಿಗೆ ಹೋಯಿತು. ತಾಯಿ ಮೀನುಗಳು ಕೊಬ್ಬಿ ಚೆನ್ನಾಗಿಯೇ ಇದ್ದವು. ಆದರೆ ತಮ್ಮ ಮೈಯ ಸೆಲೆನಿಯಂ ಅನ್ನು ತತ್ತಿಯ ಹಳದಿಗೆ ತುಂಬಿಸುತ್ತಿದ್ದವು. ಮರಿಗಳು ಬೆನ್ನು ಸೊಟ್ಟಗಾಗಿ, ಬಾಯಿ ವಕ್ರವಾಗಿ ಹುಟ್ಟಿ ಸತ್ತವು. ಕೆಲವೇ ವರ್ಷಗಳಲ್ಲಿ ಅಲ್ಲಿದ್ದ 20 ಜಾತಿ ಮೀನುಗಳಲ್ಲಿ 19 ಇಲ್ಲವಾದವು. ಶಕ್ತಿನಗರದಲ್ಲೂ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಉರಿಸುವ ಕಲ್ಲಿದ್ದಲು ಬೇರೆ, ಹರಿಯುವ ಹೊಳೆಗೂ ನಿಂತ ಕೆರೆಗೂ ವ್ಯತ್ಯಾಸ ಬಹಳ. ಬೀಗರಿಗೆ ಒಂದು ಮಾತು ಹೇಳಿ: ದೊಡ್ಡ ಮೀನು ಚೆನ್ನಾಗಿದೆಯೇ ಎಂದು ನೋಡಿದರೆ ಸಾಲದು, ಬೆರಳುದ್ದದ ಮರಿಗಳ ಬೆನ್ನು ನೆಟ್ಟಗಿದೆಯೇ ಎಂದು ನೋಡಬೇಕು.

ಇನ್ನು ಹುಣ್ಣು. ಇದು ಯಾವ ತಿಂಗಳಲ್ಲಿ ಹೆಚ್ಚು ಎಂದು ನೀವು ಬರೆದಿಲ್ಲ, ಅದು ಬಹಳ ಮುಖ್ಯ. ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಬಂದು, ಬೇಸಿಗೆಗೆ ತಾನೇ ಕಡಿಮೆಯಾಗುವ, ಆಳವಾಗಿ ಮಾಂಸದವರೆಗೆ ಹೋಗುವ ಹುಣ್ಣಾದರೆ ಅದು ಅಫನೋಮೈಸಿಸ್ ಎಂಬ ಬೂಸಲಿನಂಥ ಜೀವಿಯಿಂದ ಬರುವ ರೋಗ. ನಮ್ಮ ದೇಶಕ್ಕೆ 1988ರಲ್ಲಿ ಕಾಲಿಟ್ಟದ್ದು. ಕೊರಮೀನಿಗೆ ಇದು ಎಲ್ಲಕ್ಕಿಂತ ಜೋರು. ಹುಣ್ಣಿನ ಪಕ್ಕ ಚಪ್ಪಟೆಯಾದ, ಹಸಿರು ಮಿಶ್ರಿತ ಸಣ್ಣ ಹೇನು ಓಡಾಡಿದರೆ ಅದು ಮೀನುಹೇನು, ಕಚ್ಚಿದ ಜಾಗ ಕೆಂಪಾಗುತ್ತದೆ. ಇವೆರಡೂ ಅಲ್ಲ, ಹೊಟ್ಟೆಯ ಅಡಿಭಾಗ, ಈಜುರೆಕ್ಕೆಯ ಬುಡ, ತುಟಿ, ಅಂದರೆ ಕೆಸರಿಗೆ ತಾಗುವ ಕಡೆಯೇ ಹುಣ್ಣು, ವರ್ಷವಿಡೀ ಇದೆ ಎಂದಾದರೆ ರಾಡಿಯೇ ಮೂಲ ಎನ್ನಬಹುದು. ಆಗಲೂ ಹುಣ್ಣು ಮಾಡುವುದು ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾವೇ. ಅದು ಎಲ್ಲ ಹೊಳೆಯಲ್ಲೂ ಇರುತ್ತದೆ, ಗಟ್ಟಿ ಮೀನನ್ನು ಏನೂ ಮಾಡದು. ಕೆಸರು ಮೈಮೇಲಿನ ಲೋಳೆಯ ಕವಚವನ್ನು ಸವೆಸಿ, ಒಳಗಿನ ರೋಗನಿರೋಧಕ ಶಕ್ತಿ ಇಳಿಸಿಟ್ಟ ಮೇಲೆ ಅದು ಒಳಹೊಕ್ಕುತ್ತದೆ.

ಬೆಳಗಿನ ಜಾವ ಬಾಯಿ ಬಿಡುವುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ರಾತ್ರಿಯೆಲ್ಲ ಪಾಚಿ ಉಸಿರಾಡುತ್ತದೆ, ಕೆಸರಿನ ಕೊಳೆತ ಕಸ ಆಮ್ಲಜನಕ ಕುಡಿಯುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಅದು ತೀರ ಕಡಿಮೆ. ಸಾಯಂಕಾಲದ ಕಥೆ ಬೇರೆ. ಪಾಚಿ ತುಂಬಿದ ನೀರಿನ ಪಿಎಚ್ ಮಧ್ಯಾಹ್ನದ ಮೇಲೆ 9ರ ತನಕ ಏರುತ್ತದೆ. 30 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದಾಗ ಕೆಸರಿನಿಂದ ಏಳುವ ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 9 ಆದರೆ ಹತ್ತಿರ ಹತ್ತಿರ ಅರ್ಧ. ಒಂದೇ ಮಡು, ಒಂದೇ ದಿನ. ಹನ್ನೊಂದು ಗಂಟೆಯ ಬಾಟಲಿಗೆ ಇವೆರಡೂ ಸಿಗುವುದಿಲ್ಲ.

ತಿನ್ನಬಹುದೇ? ಹುಣ್ಣಿಲ್ಲದ, ಚುರುಕಾಗಿ ಬಲೆಗೆ ಬಿದ್ದ ಮೀನನ್ನು ತಿನ್ನಬಹುದು. ಆದರೆ ಆ ಮಡುವಿನದ್ದನ್ನೇ ದಿನಾ ತಿನ್ನಬೇಡಿ. ಕರುಳು, ಲಿವರ್, ಕಿವಿರು, ಬೆನ್ನುಮೂಳೆಗೆ ಅಂಟಿದ ಕೆಂಪು ಕಿಡ್ನಿ ಎಲ್ಲ ಉಗುರಿನಿಂದ ಕೆರೆದು ತೆಗೆಯಿರಿ, ಕ್ಯಾಡ್ಮಿಯಂ ಬಹುಪಾಲು ಅಲ್ಲೇ ಹೋಗುತ್ತದೆ. ಅದನ್ನು ಕೋಳಿಗೆ ಹಾಕಬೇಡಿ. ಸಣ್ಣ ಮೀನನ್ನು ಮೂಳೆ ಸಮೇತ ಹುರಿದು ತಿನ್ನುವ ರೂಢಿ ನಮ್ಮಲ್ಲಿದೆ, ಅದಕ್ಕೆ ಮಾತ್ರ ಮೇಲಿನ ಹರಿವಿನ ಮೀನು ಹಿಡಿಯಿರಿ. ಮೂಳೆಯಲ್ಲಿ ಸೀಸ ಕೂತಿರುತ್ತದೆ. ಬೇಯಿಸಿದರೆ, ಹುರಿದರೆ ಲೋಹ ಸುಟ್ಟುಹೋಗುವುದಿಲ್ಲ. ಒಣಮೀನಿನಲ್ಲಿ ನೀರಷ್ಟೇ ಹೋಗುತ್ತದೆ, ಲೋಹ ಉಳಿಯುತ್ತದೆ. ಬಸುರಿ, ಬಾಣಂತಿ, ಚಿಕ್ಕ ಮಕ್ಕಳಿಗೆ ದೊಡ್ಡ ಬಾಳೆಮೀನು, ದೊಡ್ಡ ಕೊರಮೀನು ಬೇಡ, ಪಾದರಸದ ಕಾರಣಕ್ಕೆ. ಮೀನಿನ ಮಾಂಸದಲ್ಲಿ ಸೀಸಕ್ಕೆ ಇರುವ ಮಿತಿ ಕೆ.ಜಿ.ಗೆ 0.3 ಮಿಲಿಗ್ರಾಂ, ಪರೀಕ್ಷೆಯ ಚೀಟಿ ಕೈಗೆ ಬಂದರೆ ಆ ಸಂಖ್ಯೆ ನೋಡಿ. ಸತ್ತು ತೇಲಿದ ಮೀನನ್ನು ಎಷ್ಟು ತಾಜಾ ಕಂಡರೂ ಮಾರಬೇಡಿ.

ಮಣ್ಣಿನ ವಾಸನೆಗೆ ಹೆದರುವವರೂ ಇದ್ದಾರೆ. ಅದು ಜಿಯೋಸ್ಮಿನ್ ಎಂಬ ವಸ್ತು, ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯೂ ಅದೇ. ವಿಷವಲ್ಲ. ಹುಳಿಗೆ ಅದು ಒಡೆಯುತ್ತದೆ, ನಮ್ಮ ಹೆಂಗಸರು ಮೀನಿಗೆ ಹುಣಸೆರಸ ಹಚ್ಚಿಡುವುದು ಸರಿಯಾದ ರಸಾಯನಶಾಸ್ತ್ರ. ಆದರೆ ಇದರ ಇನ್ನೊಂದು ಮುಖವೂ ಗೊತ್ತಿರಲಿ: ವಾಸನೆ ಹೋದರೆ ಸೀಸ ಹೋಯಿತು ಎಂದಲ್ಲ, ಎರಡಕ್ಕೂ ಸಂಬಂಧವೇ ಇಲ್ಲ.

ಹೂಳು ತೆಗೆಸುವ ಮಾತಿಗೆ ಬರೋಣ. ಜಲಾಶಯದ್ದು ಬಿಡಿ, 27 ಟಿಎಂಸಿ ಅಂದರೆ ಸುಮಾರು 77 ಕೋಟಿ ಘನ ಮೀಟರ್. ಹತ್ತು ಘನ ಮೀಟರಿನ ಟಿಪ್ಪರ್ ದಿನಕ್ಕೆ ಸಾವಿರ ಲೋಡ್ ಹೊತ್ತರೂ ಇನ್ನೂರು ವರ್ಷ ಬೇಕು. ನಿಮ್ಮ ಮಡುವಿನದ್ದು ತೆಗೆಯಬಹುದು. ತೆಗೆಯಿರಿ ಎಂದು ಕಣ್ಣುಮುಚ್ಚಿ ಹೇಳಲು ನನಗೆ ಧೈರ್ಯವಿಲ್ಲ, ಅದಕ್ಕೆ ಕಾರಣ ಅಮೆರಿಕದ ಒಹಾಯೊದ ಬ್ಲ್ಯಾಕ್ ನದಿ. ಅಲ್ಲೊಂದು ಉಕ್ಕಿನ ಕಾರ್ಖಾನೆಯ ಕೋಕ್ ಘಟಕದಿಂದ ಟಾರಿನಂಥ ಪಿಎಎಚ್ ವಸ್ತುಗಳು ನದಿಯ ಕೆಸರು ಸೇರಿದ್ದವು. 1982ರಲ್ಲಿ ಅಲ್ಲಿನ ಬಲಿತ ಬುಲ್‌ಹೆಡ್ ಮೀಸೆಮೀನುಗಳಲ್ಲಿ ನೂರಕ್ಕೆ 39ಕ್ಕೆ ಲಿವರ್ ಕ್ಯಾನ್ಸರ್ ಇತ್ತು. 1983ರಲ್ಲಿ ಘಟಕ ಮುಚ್ಚಿತು. ಯಾರೂ ಕೆಸರು ಮುಟ್ಟಲಿಲ್ಲ. ಮೇಲೆ ಹೊಸ ಮಣ್ಣು ಕೂರುತ್ತ ಬಂತು, 1987ಕ್ಕೆ ಕ್ಯಾನ್ಸರ್ 10ಕ್ಕೆ ಇಳಿಯಿತು. ಆಮೇಲೆ 1990ರ ಹೊತ್ತಿಗೆ ಹೂಳೆತ್ತಿದರು. ಕದಡಿದ ಕೆಸರಿನಲ್ಲಿ ಬದುಕಿದ ಮೀನುಗಳಲ್ಲಿ ಕ್ಯಾನ್ಸರ್ ಮತ್ತೆ ಏರಿತು. ಹೂಳೆತ್ತಿದ ಮೇಲೆ ಹುಟ್ಟಿ ಬೆಳೆದ ಮೀನುಗಳಲ್ಲಿ ಮಾತ್ರ ಅದು ಹೆಚ್ಚುಕಡಿಮೆ ಇಲ್ಲವಾಯಿತು. ಅಂದರೆ ಹೂಳೆತ್ತಿದ್ದು ಕೊನೆಗೆ ಒಳ್ಳೆಯದೇ ಆಯಿತು, ಆದರೆ ನಡುವಿನ ಮೂರ್ನಾಲ್ಕು ವರ್ಷ ಮೀನು ಅದರ ಬೆಲೆ ತೆತ್ತಿತು. ಅಲ್ಲಿ ಮೊದಲು ನಲ್ಲಿ ಬಂದ್ ಮಾಡಿದ್ದರು ಎಂಬುದನ್ನೂ ಗಮನಿಸಿ. ನಿಮ್ಮಲ್ಲಿ ಚರಂಡಿ ಹರಿಯುತ್ತಲೇ ಇದ್ದು ಮಡು ಮಾತ್ರ ಬಗೆದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ರಾಡಿ. ತೆಗೆಯುವುದೇ ಆದರೆ ಏಪ್ರಿಲ್-ಮೇನಲ್ಲಿ ನೀರು ಸರಿದು ಕೆಸರು ಬಿರುಕು ಬಿಟ್ಟ ಮೇಲೆ ಒಣಗಿದ್ದನ್ನು ಕೆತ್ತಿ ತೆಗೆಯಬೇಕು, ನೀರಿನಲ್ಲಿ ಜೆಸಿಬಿ ಇಳಿಸಿ ಕಲಕಬಾರದು. ಮತ್ತು ಪರೀಕ್ಷೆಯಾಗದೆ ಆ ಮಣ್ಣು ಯಾರ ಹೊಲಕ್ಕೂ ಹೋಗಬಾರದು.

ಪರೀಕ್ಷೆಗೆ ಮುಂಚೆ ನೀವೇ ಮಾಡಬಹುದಾದದ್ದೊಂದಿದೆ. ಹಳೆಯ ಹಿಟ್ಟಿನ ಜರಡಿ ಮತ್ತು ಒಂದು ಬಿಳಿ ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಳ್ಳಿ. ಮಡುವಿನ ಕೆಸರು ಒಂದು ಬೊಗಸೆ ತೊಳೆದು ನೋಡಿ. ದಾರದಂಥ ಕೆಂಪು ಹುಳುಗಳಷ್ಟೇ ರಾಶಿ ಸಿಕ್ಕರೆ ಅದು ಚರಂಡಿಯ ಕೆಸರು. ಆ ಹುಳುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕವಿಲ್ಲದಲ್ಲೂ ಬದುಕುತ್ತದೆ. ಬಸವನಹುಳು, ಚಿಪ್ಪು, ಏರೋಪ್ಲೇನ್ ಚಿಟ್ಟೆಯ ಮರಿ, ಮೂರು ಬಾಲದ ಸಣ್ಣ ಹುಳು ಇವೂ ಇದ್ದರೆ ತಳ ಇನ್ನೂ ಪೂರ್ತಿ ಕೆಟ್ಟಿಲ್ಲ. ಏನೂ ಇಲ್ಲ, ಕೆಂಪು ಹುಳುವೂ ಇಲ್ಲ ಅಂದರೆ ವಿಷ ಎಂದು ತಿಳಿಯಿರಿ, ಅದು ಎಲ್ಲಕ್ಕಿಂತ ಕೆಟ್ಟ ಉತ್ತರ. ಇದನ್ನೇ ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಇನ್ನೊಂದು ಮಡುವಿನಲ್ಲೂ ಮಾಡಿ, ಹೋಲಿಸಲು ಏನೂ ಇಲ್ಲದ ಪರೀಕ್ಷೆ ಪರೀಕ್ಷೆಯಲ್ಲ.

ಆಮೇಲೆ ಎರಡೂ ಕಡೆಯಿಂದ ಮೇಲಿನ ಮೂರ್ನಾಲ್ಕು ಬೆರಳು ದಪ್ಪದ ಕೆಸರನ್ನು ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು, ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಐಸ್‌ನಲ್ಲಿಟ್ಟು ಕಳಿಸಬೇಕು. ಕಬ್ಬಿಣದ ಸಲಿಕೆ ಮುಟ್ಟಿಸಬೇಡಿ. ಕೀಟನಾಶಕದ ಭಾಗಕ್ಕೆ ಗಾಜಿನ ಬಾಟಲಿ ಬೇಕು, ಅದಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಶೇಷಾಂಶ ಪರೀಕ್ಷಾ ಪ್ರಯೋಗಾಲಯ ನಿಮಗೆ ಹತ್ತಿರ. ಲೋಹಗಳ ವರದಿ ಬಂದಾಗ ‘ಮಿತಿಯೊಳಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಮಿತಿ ಎಂದು ಕೇಳಿ. 2000ನೇ ಇಸವಿಯಲ್ಲಿ ಪ್ರಕಟವಾಗಿ ಬಹಳ ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆ ಇದೆ. ಒಂದು ಕೆ.ಜಿ. ಒಣ ಕೆಸರಿಗೆ ಸೀಸ 35.8 ಮಿಲಿಗ್ರಾಂ, ತಾಮ್ರ 31.6, ಕ್ಯಾಡ್ಮಿಯಂ 0.99, ಪಾದರಸ 0.18. ಇದರ ಕೆಳಗಿದ್ದರೆ ತಳದ ಜೀವಿಗಳಿಗೆ ತೊಂದರೆ ಅಪರೂಪ. ಸೀಸ 128, ತಾಮ್ರ 149, ಕ್ಯಾಡ್ಮಿಯಂ 4.98, ಪಾದರಸ 1.06 ದಾಟಿದರೆ ತೊಂದರೆ ಇರುವ ಸಾಧ್ಯತೆಯೇ ಹೆಚ್ಚು. ನಡುವೆ ಬಂದರೆ ಜರಡಿಯ ಲೆಕ್ಕವನ್ನೂ ಸೇರಿಸಿ ನೋಡಬೇಕು. ನಮ್ಮ ಎರೆನೆಲದ ಕಲ್ಲುಮಣ್ಣಿನಲ್ಲಿ ತಾಮ್ರ ಹುಟ್ಟಿನಿಂದಲೇ ಸ್ವಲ್ಪ ಹೆಚ್ಚಿರಬಹುದು, ಮೇಲಿನ ಮಡುವಿನ ಮಾದರಿ ಬೇಕೆಂದದ್ದು ಅದಕ್ಕೂ.

ಮುಂಗಾರಿನ ಮೊದಲ ಪ್ರವಾಹ ಬಂದರೆ ವರ್ಷದ ರಾಡಿಯೆಲ್ಲ ಕಲಸಿಹೋಗುತ್ತದೆ, ಹಾಗಾಗಿ ಈ ಕೆಲಸ ಮೇ ತಿಂಗಳೊಳಗೆ ಮುಗಿಸಿ. ಜರಡಿಯಲ್ಲಿ ಸಿಕ್ಕ ಹುಳುಗಳ ಫೋಟೊ, ಹುಣ್ಣು ಮೀನಿನ ಮೈಯ ಯಾವ ಕಡೆ ಇದೆ ಎಂಬುದು, ಮತ್ತು ಯಾವ ತಿಂಗಳಲ್ಲಿ ಹೆಚ್ಚು ಎಂಬುದು, ಈ ಮೂರನ್ನು ಬರೆದು ಕಳಿಸಿ.